ಜಗಳೂರಿನ ಮಂಗಳವಾರ

ಮಂಗಳವಾರ ನಮ್ಮ ಕಡೆ ದೇವಿಯ ವಾರ. ರಾತ್ರಿಯಿಡೀ ನಿದ್ದೆಯಿಲ್ಲದೆ ತನ್ನಷ್ಟಕ್ಕೆ ಮಾತಾಡಿಕೊಳ್ಳುವ ಮಗನನ್ನೋ, ಊಟ ಬಿಟ್ಟು ಮೂಲೆ ಹಿಡಿದ ಸೊಸೆಯನ್ನೋ ಕರೆದುಕೊಂಡು ಮನೆಯವರು ಗುಡಿಯ ಮುಂದೆ ಕೂರುವ ವಾರ. ಕರ್ನಾಟಕ ಸರ್ಕಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಕೂರುವುದಕ್ಕೂ ಇದೇ ವಾರವನ್ನು ಗೊತ್ತುಮಾಡಿತು. ಆ ಕಾರ್ಯಕ್ರಮದ ಹೆಸರು ಮನೋಚೈತನ್ಯ. ರೋಗಿ ಜಿಲ್ಲಾ ಕೇಂದ್ರಕ್ಕೆ ಹೋಗುವ ಬದಲು ಜಿಲ್ಲಾ ಕೇಂದ್ರದ ವೈದ್ಯರೇ ತಾಲ್ಲೂಕಿಗೆ ಬರುವ ಏರ್ಪಾಟು ಅದು.

ನಮ್ಮ ದಾವಣಗೆರೆ ಜಿಲ್ಲೆಯ ಜಗಳೂರಿನ ಮಂಗಳವಾರಕ್ಕೆ ಇನ್ನೂ ಒಂದು ಬಲ ಕೂಡಿಬಂತು. 2016ರ ಸುಮಾರಿಗೆ ಇಲ್ಲಿ ನಾಲ್ಕು ಕೈಗಳು ಸೇರಿದವು: ಬೆಂಗಳೂರಿನ ನಿಮ್ಹಾನ್ಸ್, ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, 1959ರಿಂದ ಅಂಗವಿಕಲರ ನಡುವೆ ದುಡಿಯುತ್ತಿರುವ ಎಪಿಡಿ ಸಂಸ್ಥೆ, ಮತ್ತು ನಟಿ ದೀಪಿಕಾ ಪಡುಕೋಣೆ ಸ್ಥಾಪಿಸಿದ ಲಿವ್ ಲವ್ ಲಾಫ್ ಪ್ರತಿಷ್ಠಾನ. ಹಳ್ಳಿಗಳಲ್ಲಿ ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಮನೆಮನೆಗೆ ಹೋಗಿ ಗುರುತಿಸುವುದು, ತಾಲ್ಲೂಕು ಆಸ್ಪತ್ರೆಗೆ ಕರೆತರುವುದು, ಮಾತ್ರೆ ಉಚಿತವಾಗಿ ಸಿಗುವಂತೆ ನೋಡಿಕೊಳ್ಳುವುದು, ಮುಂದಿನ ಸಲ ಬಾರದಿದ್ದರೆ ಮತ್ತೆ ಮನೆಗೇ ಹೋಗಿ ವಿಚಾರಿಸುವುದು. ಕಾಯಿಲೆ ಹತೋಟಿಗೆ ಬಂದ ಮೇಲೆ ಕುರಿಯೋ ಕೂಲಿಯೋ ಅಂಗಡಿಯೋ, ಏನಾದರೊಂದು ದುಡಿಮೆಗೆ ಮರಳುವಂತೆ ಜೊತೆಗೆ ನಿಲ್ಲುವುದು. ಮಾನಸಿಕ ಕಾಯಿಲೆಯನ್ನೂ ಅಂಗವೈಕಲ್ಯವೆಂದು ಒಪ್ಪುವ 2016ರ ಕಾಯ್ದೆಯ ಪ್ರಕಾರ ಪ್ರಮಾಣಪತ್ರ, ಮಾಸಾಶನ ಕೊಡಿಸುವುದು. ಕೆಲಸ ಇಷ್ಟೇ, ಆದರೆ ಇದರಲ್ಲಿ ಒಂದು ಕೊಂಡಿ ಕಳಚಿದರೂ ಉಳಿದದ್ದು ನಿಲ್ಲುವುದಿಲ್ಲ.

ಈ ಏರ್ಪಾಟಿನಿಂದ ಮನೆಯವರ ಕೈಯಿಂದ ಹೋಗುವ ಖರ್ಚು ಏನಾಗುತ್ತದೆ ಎಂಬುದನ್ನು ನಿಮ್ಹಾನ್ಸ್ ಸಂಶೋಧಕರು ಜಗಳೂರಿನಲ್ಲೇ ಅಳೆದು 2019ರಲ್ಲಿ ಪ್ರಕಟಿಸಿದರು. ಖರ್ಚು ಇಳಿದಿತ್ತು. ಹಳ್ಳಿಯವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ವರ್ಷಗಟ್ಟಲೆ ಮಾತ್ರೆ ಬೇಕು. ರೋಗಿ ಒಬ್ಬರೇ ಹೋಗುವಂತಿಲ್ಲ, ಜೊತೆಗೆ ಒಬ್ಬರು ಬೇಕು. ಇಬ್ಬರ ಬಸ್ ಚಾರ್ಜು, ಇಬ್ಬರ ಊಟ, ಇಬ್ಬರ ಒಂದು ದಿನದ ಕೂಲಿ. ತಿಂಗಳಿಗೊಮ್ಮೆ ಇದು ಬಂದರೆ ಆರನೆಯ ತಿಂಗಳಿಗೆ ಮನೆಯವರು ಸುಸ್ತಾಗುತ್ತಾರೆ. ‘ಈಗ ಪರವಾಗಿಲ್ಲ ಬಿಡ್ರೀ’ ಎಂದು ಗುಳಿಗೆ ನಿಲ್ಲಿಸುತ್ತಾರೆ. ಕಾಯಿಲೆ ಮರಳುತ್ತದೆ.

ದೂರದ ವೈದ್ಯರನ್ನು ಹತ್ತಿರ ತರುವ ಮಾತು ಬಂದಾಗಲೆಲ್ಲ ನಾವು ಮೊದಲು ಟ್ಯಾಬ್, ನೆಟ್‌ವರ್ಕ್, ಆ್ಯಪ್‌ಗಳನ್ನು ನೆನೆಯುತ್ತೇವೆ. ಟೆಲಿಮೆಡಿಸಿನ್ ಬೇಕು, ಅದರಿಂದ ಉಪಕಾರವಾಗಿದೆ. ಅದನ್ನು ಮುಂದೆ ವಿವರವಾಗಿಯೇ ಹೇಳುತ್ತೇನೆ. ಆದರೆ ಲೆಕ್ಕವನ್ನು ಜಗಳೂರಿನಿಂದ ಶುರು ಮಾಡಿದರೆ ತಪ್ಪು ಕಡಿಮೆಯಾಗುತ್ತದೆ. ಪರದೆಯ ಈಚೆ ಬದಿಯಲ್ಲಿ ರೋಗಿಯ ಮನೆ ಬಾಗಿಲು ಗೊತ್ತಿರುವ ಒಬ್ಬರು, ಆಚೆ ಬದಿಯಲ್ಲಿ ಈ ತಾಲ್ಲೂಕು ನಮ್ಮದು ಎಂದು ಹೊಣೆ ಹೊತ್ತ ಒಂದು ವಿದ್ಯಾಸಂಸ್ಥೆ, ಇವೆರಡು ಇದ್ದಲ್ಲಿ ಮಾತ್ರ ನಡುವಿನ ತಂತಿಗೆ ಜೀವ ಬರುತ್ತದೆ.

ದಾವಣಗೆರೆ ಜಿಲ್ಲೆಯ ನಕ್ಷೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. 1997ರಲ್ಲಿ ಹುಟ್ಟಿದ ಜಿಲ್ಲೆ ಇದು. ಜಗಳೂರು ಚಿತ್ರದುರ್ಗದಿಂದ ಬಂತು, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು. ಹೊನ್ನಾಳಿಯ ಹೊಟ್ಟೆಯಿಂದ ನ್ಯಾಮತಿ ಬೇರೆ ತಾಲ್ಲೂಕಾಗಿ 2018ರಲ್ಲಿ ಎದ್ದುನಿಂತಿತು. ನಾಲ್ಕಕ್ಕೂ ನಾಲ್ಕು ಮುಖ. ಜಗಳೂರು ಮಳೆ ನೆಚ್ಚಿ ಕೂತ ಬಯಲು. ಕೊಂಡುಕುರಿಗಳಿರುವ ರಂಗಯ್ಯನದುರ್ಗದ ಕುರುಚಲು ಕಾಡು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್, ಅದರಿಂದ ಹಲ್ಲು ಕಂದಿದ ಮಕ್ಕಳು, ಮೊಣಕಾಲು ಬಾಗಿದ ಹಿರಿಯರು. ಚನ್ನಗಿರಿಯಲ್ಲಿ ಸೂಳೆಕೆರೆಯ ನೀರು, ಅಡಿಕೆ ತೋಟ, ತೋಟದಲ್ಲಿ ಹಾವು. ಹೊನ್ನಾಳಿ ತುಂಗಭದ್ರೆಯ ದಂಡೆಯ ಗದ್ದೆ ಸೀಮೆ. ನ್ಯಾಮತಿಯ ಕಡೆ ತಾಂಡಾಗಳು ಹೆಚ್ಚು. ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ಪ್ರತಿವರ್ಷ ಸೇರುವ ಸೂರಗೊಂಡನಕೊಪ್ಪ ಈ ತಾಲ್ಲೂಕಿನದೇ.

ನಾಲ್ಕೂ ಊರುಗಳಿಂದ ದಾವಣಗೆರೆಗೆ ಸುಮಾರು 40ರಿಂದ 65 ಕಿಲೋಮೀಟರ್. ಅಲ್ಲಿ 1965ರಿಂದ ಜೆಜೆಎಂ ವೈದ್ಯಕೀಯ ಕಾಲೇಜಿದೆ, 2006ರಿಂದ ಎಸ್‌ಎಸ್ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ, ಚಿಗಟೇರಿ ಜಿಲ್ಲಾಸ್ಪತ್ರೆ ಇದೆ, ಬಾಪೂಜಿ ಆಸ್ಪತ್ರೆ ಇದೆ. ತೋಳಹುಣಸೆಯಲ್ಲಿ 2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾನಿಲಯವಿದೆ. ಪಕ್ಕದ ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ ಮತ್ತು ಸರ್ಕಾರಿ ವೈದ್ಯಕೀಯ ಕಾಲೇಜು. ದೇಶದ ಎಷ್ಟೋ ಹಿಂದುಳಿದ ತಾಲ್ಲೂಕುಗಳಿಗೆ ಇಂಥ ನೆರೆಹೊರೆ ಇಲ್ಲ. ಒಂದೂವರೆ ಗಂಟೆಯ ದಾರಿಯಲ್ಲಿ ಇಷ್ಟೊಂದು ವೈದ್ಯವಿದ್ಯೆ ಇದ್ದೂ ಸಾಸ್ವೆಹಳ್ಳಿಯ ಅಜ್ಜಿಗೋ ಬಿಳಿಚೋಡಿನ ತಾತನಿಗೋ ತಜ್ಞರೊಬ್ಬರ ಮಾತು ಕೇಳಲು ಇಡೀ ಒಂದು ದಿನ ಬೇಕು ಎಂಬುದೇ ನನ್ನನ್ನು ಕಾಡುವ ಪ್ರಶ್ನೆ.

ಆ ಒಂದು ದಿನ ಹೇಗಿರುತ್ತದೆ ಎಂದು ನಮ್ಮ ದೊಡ್ಡಮ್ಮನ ಜೊತೆ ಹೋಗಿ ಕಂಡಿದ್ದೇನೆ. ಬೆಳಗಿನ ಜಾವ ಎದ್ದು ರೊಟ್ಟಿ ಕಟ್ಟಿಕೊಂಡು ಮೊದಲ ಬಸ್ಸು ಹತ್ತಿದೆವು. ನಗರದ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಸಾಲು, ರಕ್ತ ಕೊಡುವ ಸಾಲು, ರಿಪೋರ್ಟಿಗೆ ಕಾಯುವ ಬೆಂಚು. ಡಾಕ್ಟರ ಮುಂದೆ ಕೂತದ್ದು ಎರಡು ನಿಮಿಷ. ‘ಶುಗರ್ ಹತೋಟಿಯಲ್ಲಿದೆ, ಅದೇ ಮಾತ್ರೆ ಮುಂದುವರಿಸಿ.’ ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಡಾಕ್ಟರು ಒಳ್ಳೆಯವರೇ, ಹೇಳಿದ್ದೂ ಸರಿಯೇ. ಆ ಎರಡು ನಿಮಿಷ ಊರಿನಲ್ಲೇ ಸಿಗುವಂತಿದ್ದರೆ ದೊಡ್ಡಮ್ಮ ನಡುವೆ ಎರಡು ಸಲ ತಪಾಸಣೆ ತಪ್ಪಿಸುತ್ತಿರಲಿಲ್ಲ.

2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಂಗಸರ ಬಸ್ ಚಾರ್ಜು ಉಳಿಯಿತು, ನಿಜ. ಅದು ಸಣ್ಣ ಉಪಕಾರವಲ್ಲ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ, ಈ ಭಾಗದ ಒಳದಾರಿಗಳಲ್ಲಿ ಖಾಸಗಿ ಬಸ್ಸೇ ಹೆಚ್ಚು. ಕಳೆದುಹೋದ ಕೂಲಿಯನ್ನು ಯಾವ ಬಸ್ಸೂ ಮರಳಿಸುವುದಿಲ್ಲ.

ಈ ಎರಡು ನಿಮಿಷವನ್ನು ತಂತಿಯ ಮೇಲೆ ತರಬಹುದು ಎಂಬ ಯೋಚನೆ ಕರ್ನಾಟಕಕ್ಕೆ ಹೊಸದಲ್ಲ. ನಮ್ಮ ಬಹಳ ಹಳ್ಳಿಗಳಿಗೆ ಮೊಬೈಲೇ ಬಾರದಿದ್ದ ಕಾಲದಲ್ಲಿ, 2002ರಲ್ಲಿ, ಇಸ್ರೊ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಯಿತು. ಎದೆನೋವೆಂದು ಬಂದವರ ಇಸಿಜಿಯನ್ನು ಬೆಂಗಳೂರಿನ ಹೃದ್ರೋಗ ತಜ್ಞರು ಕೂತಲ್ಲೇ ನೋಡಿದರು. ಮುಂದೆ ಸಾಮಾನ್ಯ ಫೋನಿನಲ್ಲೇ ಕನ್ನಡದಲ್ಲಿ ಸಲಹೆ ಕೊಡುವ 104 ಆರೋಗ್ಯವಾಣಿ ಹುಬ್ಬಳ್ಳಿಯಿಂದ ಶುರುವಾಯಿತು. 2008ರಿಂದ ನಾರಾಯಣ ನೇತ್ರಾಲಯದ ಕಿಡ್‌ರಾಪ್ ಯೋಜನೆ ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಕಣ್ಣು ಉಳಿಸುವ ಕೆಲಸಕ್ಕಿಳಿಯಿತು. ಈ ಕೂಸುಗಳ ಕಣ್ಣಿನ ಹಿಂಪದರದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡು ಬರುವುದುಂಟು. ಹುಟ್ಟಿದ 30 ದಿನದೊಳಗೆ ನೋಡಬೇಕು, ತಡವಾದರೆ ಮುಗಿಯಿತು. ಹೀಗೆ ನೋಡಬಲ್ಲ ತಜ್ಞರು ರಾಜ್ಯದಲ್ಲೇ ಬೆರಳೆಣಿಕೆಯಷ್ಟು. ಆದ್ದರಿಂದ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಯಿಂದ ಜಿಲ್ಲೆಗೆ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ, ಚಿತ್ರ ತೆಗೆದು ಕಳಿಸುತ್ತಾರೆ, ತಜ್ಞರು ಅದನ್ನು ನೋಡಿ ಹೇಳುತ್ತಾರೆ. ಇಲ್ಲಿಯೂ ಗಮನಿಸಿ, ಕ್ಯಾಮೆರಾ ತಾನಾಗಿ ಹೋಗಲಿಲ್ಲ. ಕೂಸಿನ ರೆಪ್ಪೆ ಬಿಡಿಸಿ ಹಿಡಿಯುವ ಪಳಗಿದ ಕೈ ಅದರ ಜೊತೆ ಹೋಯಿತು.

ಕೊರೊನಾ ಬಂದಾಗ ಕಾನೂನಿನ ಗೊಂದಲವೂ ತೀರಿತು. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ನೋಂದಾಯಿತ ವೈದ್ಯರು ಫೋನಿನಲ್ಲಿ, ವಿಡಿಯೊದಲ್ಲಿ ರೋಗಿಯನ್ನು ನೋಡುವುದಕ್ಕೆ ಅಲ್ಲಿಯವರೆಗೆ ಸ್ಪಷ್ಟ ನಿಯಮವಿರಲಿಲ್ಲ. ಮಾರ್ಗಸೂಚಿ ಔಷಧಗಳನ್ನೂ ವಿಂಗಡಿಸಿತು. ಜ್ವರದ ಮಾತ್ರೆ, ಓಆರ್‌ಎಸ್‌ನಂಥವನ್ನು ಫೋನಿನಲ್ಲೇ ಹೇಳಬಹುದು. ಕೆಲವನ್ನು ವಿಡಿಯೊದಲ್ಲಿ ರೋಗಿಯನ್ನು ಕಂಡ ಮೇಲೆಯೇ ಬರೆಯಬೇಕು. ಕೆಲವನ್ನು ಈ ಮೊದಲು ಎದುರಿಗೇ ನೋಡಿದ ರೋಗಿಗೆ ಮುಂದುವರಿಕೆಯಾಗಿ ಮಾತ್ರ ಬರೆಯಬಹುದು. ಚಟ ಹಿಡಿಸುವ ಮಾದಕ ಔಷಧಗಳನ್ನು ದೂರದಿಂದ ಬರೆಯುವಂತೆಯೇ ಇಲ್ಲ. ಊರಿನಲ್ಲಿ ಯಾರಾದರೂ ‘ಆನ್‌ಲೈನ್ ಡಾಕ್ಟರ್ ಏನು ಬೇಕಾದರೂ ಬರೆದುಕೊಡ್ತಾರೆ’ ಎಂದರೆ ನಂಬಬೇಡಿ.

ಇಂದು ನಮ್ಮ ಹಳ್ಳಿಗಳವರೆಗೆ ಬಂದಿರುವುದು ಇ-ಸಂಜೀವಿನಿ. ಮೊಹಾಲಿಯ ಸಿ-ಡ್ಯಾಕ್ ಕಟ್ಟಿದ ಈ ವ್ಯವಸ್ಥೆ 2019ರ ನವೆಂಬರಿನಲ್ಲಿ ಶುರುವಾಗಿ, 2023ರ ಫೆಬ್ರುವರಿ ಹೊತ್ತಿಗೆ ದೇಶದಾದ್ಯಂತ 10 ಕೋಟಿ ಸಮಾಲೋಚನೆ ದಾಟಿತು. ಅದು ಎರಡು ಬಗೆ. ಮನೆಯಿಂದಲೇ ಮೊಬೈಲ್ ಹಿಡಿದು ವೈದ್ಯರನ್ನು ಕಾಣುವುದು ಒಂದು. ಹಳ್ಳಿಗೆ ಹೆಚ್ಚು ಒಗ್ಗುವುದು ಇನ್ನೊಂದು. ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎನ್ನುವ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ನರ್ಸಿಂಗ್ ಓದಿ ಸಮುದಾಯ ಆರೋಗ್ಯದ ತರಬೇತಿ ಪಡೆದವರು, ರೋಗಿಯ ಪಕ್ಕದಲ್ಲಿ ಕೂರುತ್ತಾರೆ. ಬಿಪಿ ನೋಡುತ್ತಾರೆ, ಬೆರಳು ಚುಚ್ಚಿ ಶುಗರ್ ನೋಡುತ್ತಾರೆ, ಆ ಅಂಕಿಗಳನ್ನು ತುಂಬಿ ಆಚೆ ಬದಿಯ ವೈದ್ಯರಿಗೆ ಕರೆ ಮಾಡುತ್ತಾರೆ. ವೈದ್ಯರು ಕೇಳುತ್ತಾರೆ, ಚೀಟಿ ಇಲ್ಲಿಯೇ ಮುದ್ರಣವಾಗುತ್ತದೆ ಅಥವಾ ಮೊಬೈಲಿಗೆ ಬರುತ್ತದೆ.

ನೋಡಲು ಸಲೀಸು. ಆದರೆ ಆ ಕೋಣೆಯಲ್ಲಿ ನಿಜವಾಗಿ ನಡೆಯುವುದನ್ನು ಕೊಂಚ ಹತ್ತಿರದಿಂದ ಕೇಳಬೇಕು. ವೈದ್ಯರು ‘ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ ಅಮ್ಮಾ?’ ಎನ್ನುತ್ತಾರೆ. ಅಜ್ಜಿ ‘ಹೂಂ ಸ್ವಾಮಿ’ ಎನ್ನುತ್ತಾಳೆ. ದೊಡ್ಡವರು ಕೇಳಿದಾಗ ಇಲ್ಲ ಎನ್ನುವುದು ಅವಳಿಗೆ ಗೊತ್ತಿಲ್ಲ. ಪಕ್ಕದಲ್ಲಿ ನಿಂತ ಆಶಾ ಕಾರ್ಯಕರ್ತೆಗೆ ಮಾತ್ರ ನಿಜ ಗೊತ್ತು. ‘ಯಾಕಜ್ಜಿ, ಮೊನ್ನೆ ಹಬ್ಬದಾಗ ಮೂರು ದಿನ ಗುಳಿಗಿ ಬಿಟ್ಟಿದ್ದಲ್ಲ, ಅದನ್ನ ಹೇಳು ಡಾಕ್ಟ್ರಿಗೆ.’ ಈ ಒಂದು ಮಾತಿಲ್ಲದಿದ್ದರೆ ವೈದ್ಯರು ಮಾತ್ರೆ ಸಾಲುತ್ತಿಲ್ಲವೆಂದು ಪ್ರಮಾಣ ಹೆಚ್ಚಿಸಿ ಬರೆಯುತ್ತಿದ್ದರು. ತಾಂಡಾದ ಮುದುಕಿಯಾದರೆ ಸಂಕಟ ಹೇಳಿಕೊಳ್ಳುವುದು ಲಂಬಾಣಿಯಲ್ಲಿ. ಅದನ್ನು ಕನ್ನಡಕ್ಕೆ ತರುವವರು ಸೊಸೆಯೋ, ತಾಂಡಾದಿಂದಲೇ ಬಂದ ಆಶಾ ಕಾರ್ಯಕರ್ತೆಯೋ ಎಂಬುದರ ಮೇಲೆ ರೋಗದ ಕಥೆಯೇ ಬೇರೆಯಾಗುತ್ತದೆ. ಸೊಸೆಯ ಮುಂದೆ ಅತ್ತೆ ಹೇಳಲಾರದ ಮಾತುಗಳಿರುತ್ತವೆ, ಅತ್ತೆಯ ಮುಂದೆ ಸೊಸೆ ಹೇಳಲಾರದವು ಇನ್ನೂ ಹೆಚ್ಚು.

ಆಶಾ ಕಾರ್ಯಕರ್ತೆಯರಿಲ್ಲದೆ ಹಳ್ಳಿಯಲ್ಲಿ ಟೆಲಿಮೆಡಿಸಿನ್ ಇಲ್ಲ. ಈ ಮಾತನ್ನು ನಾನು ಅತಿಶಯವಾಗಿ ಆಡುತ್ತಿಲ್ಲ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆಗೆ ಬಂದ ಈ ಹೆಣ್ಣುಮಕ್ಕಳು ಬಾಣಂತಿಯನ್ನು ನೋಡುತ್ತಾರೆ, ಕೂಸಿನ ಚುಚ್ಚುಮದ್ದು ನೆನಪಿಸುತ್ತಾರೆ, ಕ್ಷಯ ರೋಗಿಯ ಕಫ ತಲುಪಿಸುತ್ತಾರೆ, ಈಗ ಆ್ಯಪ್‌ಗಳಿಗೆ ಮಾಹಿತಿಯನ್ನೂ ತುಂಬುತ್ತಾರೆ. ಸರ್ಕಾರದ ಕಾಗದದಲ್ಲಿ ಇಂದಿಗೂ ಅವರು ಸ್ವಯಂಸೇವಕಿಯರು, ಸಿಗುವುದು ಸಂಬಳವಲ್ಲ, ಗೌರವಧನ. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಸಾವಿರಾರು ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತು ಕೇಳಿದ್ದು ತಿಂಗಳಿಗೆ ಖಚಿತವಾದ 15,000 ರೂಪಾಯಿ ಮತ್ತು ಕಾಲಕ್ಕೆ ಸರಿಯಾದ ಪಾವತಿ. ಪರದೆಗೆ, ಕ್ಯಾಮೆರಾಗೆ, ಸಾಫ್ಟ್‌ವೇರ್‌ಗೆ ಹಣ ಹೊಂದಿಸುವಾಗ ಈ ಲೆಕ್ಕ ಮೊದಲು ಬರಬೇಕು.

ಇನ್ನು ಪರದೆಯ ಆಚೆ ಬದಿ. ಅಲ್ಲಿ ಇರಬೇಕಾದವರು ಯಾರು?

ಮಾನಸಿಕ ಆರೋಗ್ಯದಲ್ಲಿ ಕನ್ನಡ ನಾಡು ಇದಕ್ಕೆ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. 1980ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಕಿರಿಯ ಆರೋಗ್ಯ ಸಹಾಯಕಿಯರಿಗೂ ತರಬೇತಿ ಕೊಟ್ಟಿತು. ಮೂರ್ಛೆ ರೋಗ, ಚಿತ್ತವಿಕಲತೆ, ಖಿನ್ನತೆಗಳನ್ನು ಗುರುತಿಸುವುದು, ನಾಲ್ಕಾರು ಬಗೆಯ ಮಾತ್ರೆಗಳಲ್ಲೇ ಬಹುಪಾಲನ್ನು ನಿಭಾಯಿಸುವುದು ಆ ತರಬೇತಿಯ ತಿರುಳು. ಬಳ್ಳಾರಿ ಮಾದರಿ ಎಂದೇ ಹೆಸರಾದ ಅದು 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಆಮೇಲೆ ತೀರ್ಥಹಳ್ಳಿ, ತುರುವೇಕೆರೆ, ಜಗಳೂರು ತಾಲ್ಲೂಕುಗಳಲ್ಲಿ ಚಿತ್ತವಿಕಲತೆಯ ರೋಗಿಗಳನ್ನು ವರ್ಷಗಟ್ಟಲೆ ಬೆನ್ನು ಬಿಡದೆ ನೋಡಿಕೊಂಡ ಕೆಲಸಗಳು ಅದೇ ಬೇರಿನವು. 1994ರಿಂದ ವಿಶ್ವವಿದ್ಯಾನಿಲಯದ ಸ್ಥಾನ ಪಡೆದಿರುವ ಸಂಸ್ಥೆಯೊಂದು ಹೊಸೂರು ರಸ್ತೆಯ ತನ್ನ ಗೇಟಿನಿಂದ ಹೊರಬಂದು ಒಂದು ತಾಲ್ಲೂಕಿನ ಹೆಸರನ್ನು ತನ್ನ ಹೊಣೆಯ ಪಟ್ಟಿಯಲ್ಲಿ ಬರೆದುಕೊಂಡಿತು. ಇದರ ಬೆಲೆ ನಮಗೆ ಇನ್ನೂ ಪೂರ್ತಿ ತಿಳಿದಿಲ್ಲ.

ಇದೇ ಯೋಚನೆ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಇನ್ನೊಂದು ದಾರಿಯಿಂದ ಬಂತು. ಅಲ್ಲಿನ ವಿಶ್ವವಿದ್ಯಾನಿಲಯದ ಯಕೃತ್ತಿನ ತಜ್ಞ ಡಾ. ಸಂಜೀವ್ ಅರೋರಾ ಅವರ ಕ್ಲಿನಿಕ್ಕಿಗೆ ಹೆಪಟೈಟಿಸ್ ಸಿ ರೋಗಿಗಳು ತಿಂಗಳುಗಟ್ಟಲೆ ಸರದಿ ಕಾದು, ನೂರಾರು ಮೈಲಿ ಕಾರು ಓಡಿಸಿಕೊಂಡು ಬರುತ್ತಿದ್ದರು. 2003ರಲ್ಲಿ ಅವರು ಎಕೊ ಎಂಬ ಯೋಜನೆ ಹೂಡಿದರು. ರೋಗಿಯನ್ನು ತನ್ನ ಬಳಿಗೆ ಕರೆಸುವ ಬದಲು, ಹಳ್ಳಿಗಾಡಿನ ವೈದ್ಯರನ್ನು ವಾರಕ್ಕೊಮ್ಮೆ ವಿಡಿಯೊದಲ್ಲಿ ಕೂಡಿಸಿದರು. ಅವರು ತಮ್ಮ ರೋಗಿಯ ಸಂಗತಿ ಹೇಳುತ್ತಿದ್ದರು, ಎಲ್ಲರೂ ಸೇರಿ ಚಿಕಿತ್ಸೆ ನಿರ್ಧರಿಸುತ್ತಿದ್ದರು. ಹೀಗೆ ಪಳಗಿದ ಹಳ್ಳಿ ವೈದ್ಯರ ಕೈಯಲ್ಲಿ ಗುಣವಾದವರ ಪ್ರಮಾಣ ವಿಶ್ವವಿದ್ಯಾನಿಲಯದ ಕ್ಲಿನಿಕ್ಕಿನಷ್ಟೇ ಇತ್ತು ಎಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಿಮ್ಹಾನ್ಸ್ ಈ ಮಾದರಿಯನ್ನು ತನ್ನದಾಗಿಸಿಕೊಂಡಿದೆ. ಅದರ ಇನ್ನೊಂದು ಕ್ರಮ ನನಗೆ ಇನ್ನೂ ಹೆಚ್ಚು ಇಷ್ಟ: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ರೋಗಿಯನ್ನು ನೋಡುತ್ತಿರುವಾಗಲೇ ಮನೋವೈದ್ಯರು ವಿಡಿಯೊದಲ್ಲಿ ಜೊತೆಗೂಡಿ, ಎದುರಿಗೆ ಕೂತ ರೋಗಿಯ ಮೂಲಕವೇ ಪಾಠ ಹೇಳುವುದು. ಗದ್ದೆಗೆ ಇಳಿದು ನಾಟಿ ಕಲಿತ ಹಾಗೆ. ಕರೆ ಮುಗಿದ ಮೇಲೂ ಆ ತಿಳಿವಳಿಕೆ ಊರಿನಲ್ಲೇ ಉಳಿಯುತ್ತದೆ. ಮುಂದಿನ ವಾರ ನೆಟ್‌ವರ್ಕ್ ಇಲ್ಲದಿದ್ದರೂ ಉಳಿದಿರುತ್ತದೆ.

ಹೃದಯದ ವಿಷಯದಲ್ಲಿ ಕಾಲವೇ ಎಲ್ಲ. ಮಂಗಳೂರಿನ ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಹಳ್ಳಿಗಾಡಿನ ವೈದ್ಯರನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸೇರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ‘ಮನೆ ಬಾಗಿಲಿಗೆ ಹೃದಯ ವೈದ್ಯ’ ಎಂಬರ್ಥದ ಕೆಲಸ ಶುರು ಮಾಡಿದರು. ಹಳ್ಳಿಯ ವೈದ್ಯರು ಇಸಿಜಿಯ ಫೋಟೊ ಹಾಕುತ್ತಾರೆ, ತಜ್ಞರು ನೋಡಿ ಹೇಳುತ್ತಾರೆ. ದೊಡ್ಡ ತಂತ್ರಜ್ಞಾನವೇನೂ ಇಲ್ಲ, ಎಲ್ಲರ ಜೇಬಿನಲ್ಲಿರುವ ಫೋನು. 2023ರ ಕೊನೆಯಲ್ಲಿ ರಾಜ್ಯ ಸರ್ಕಾರ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಜಯದೇವ ಹೃದ್ರೋಗ ಸಂಸ್ಥೆಯ ಬೆಂಬಲದೊಂದಿಗೆ ಆರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕೆಲವೇ ನಿಮಿಷಗಳಲ್ಲಿ ಕೇಂದ್ರದ ತಜ್ಞರಿಗೆ ಹೋಗುತ್ತದೆ, ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಚುಚ್ಚುಮದ್ದು ಅದು. ಈ ಯೋಜನೆಯ ತಿರುಳು ಇಸಿಜಿ ಹೋಗುವ ತಂತಿಯಲ್ಲಿಲ್ಲ, ತಾಲ್ಲೂಕು ಆಸ್ಪತ್ರೆಯ ಫ್ರಿಜ್ಜಿನಲ್ಲಿ ಕೂತಿರುವ ಆ ಸೀಸೆಯಲ್ಲಿದೆ. ಸಲಹೆ ಬಂದು ಔಷಧ ಇಲ್ಲದಿದ್ದರೆ, ರೋಗ ಏನೆಂದು ತಿಳಿದೂ ಕೈಕಟ್ಟಿ ಕೂತ ಹಾಗೆ.

ಹಾವು ಕಡಿತವೂ ಹಾಗೆಯೇ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಅಡಿಕೆ ತೋಟದಲ್ಲಿ ಕೊಳಕುಮಂಡಲ ಕಡಿದ ಆಳನ್ನು ಪರದೆಯ ಮುಂದೆ ಕೂರಿಸಿ ಪ್ರಯೋಜನವಿಲ್ಲ. ವಿಷ ನಿರೋಧಕ ಹತ್ತಿರದಲ್ಲಿರಬೇಕು, ಅದನ್ನು ಕೊಡುವ ಧೈರ್ಯ ಅಲ್ಲಿನ ವೈದ್ಯರಿಗಿರಬೇಕು. ಪರದೆ ಕೊಡಬಲ್ಲದ್ದು ಆ ಧೈರ್ಯ: ‘ಶುರು ಮಾಡಿ, ನಾನು ಲೈನಿನಲ್ಲೇ ಇರುತ್ತೇನೆ’ ಎನ್ನುವ ಒಬ್ಬ ಹಿರಿಯರು ಆಚೆಗಿದ್ದರೆ ಹೊಸದಾಗಿ ಎಂಬಿಬಿಎಸ್ ಮುಗಿಸಿ ಬಂದ ಹುಡುಗಿಯೂ ರೋಗಿಯನ್ನು ಸುಮ್ಮನೆ ಮುಂದಿನ ಆಸ್ಪತ್ರೆಗೆ ಸಾಗಹಾಕುವುದಿಲ್ಲ.

ಹಾಗಾದರೆ ನಮ್ಮ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಆ ಹಿರಿಯರು ಎಲ್ಲಿದ್ದಾರೆ? ದಾವಣಗೆರೆ, ಶಿವಮೊಗ್ಗದ ಕಾಲೇಜುಗಳಲ್ಲಿದ್ದಾರೆ. ಅವರನ್ನು ತಾಲ್ಲೂಕಿಗೆ ಜೋಡಿಸಲು ಹೊಸ ಕಾಯ್ದೆ ಬೇಕಾಗಿಯೂ ಇಲ್ಲ, ನಿಯಮಗಳು ಆಗಲೇ ಇವೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಿಂದ ಕುಟುಂಬ ದತ್ತು ಕಾರ್ಯಕ್ರಮವನ್ನು ಎಂಬಿಬಿಎಸ್ ಪಠ್ಯದ ಭಾಗವಾಗಿಸಿದೆ. ಪ್ರತಿ ವಿದ್ಯಾರ್ಥಿ ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯದ ಜೊತೆಗಾರರಾಗಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ದುಡಿಯಲೇಬೇಕು. ಇಷ್ಟು ಕೈಗಳು ಇವೆ. ಆದರೆ ಯಾವ ಹಳ್ಳಿಗೆ? ಕಾಲೇಜಿನ ಬಸ್ಸು ಮಧ್ಯಾಹ್ನದ ಊಟದ ಹೊತ್ತಿಗೆ ಮರಳುವಂತಿರಬೇಕು ಎಂದು ಹಳ್ಳಿ ಆರಿಸಿದರೆ ಆಗುವುದು ನಗರದ ಅಂಚಿನ ಹಳ್ಳಿಗಳೇ. ಅಲ್ಲಿಯವರು ಹೇಗೂ ಆಟೊ ಹತ್ತಿ ಆಸ್ಪತ್ರೆಗೆ ಬರುತ್ತಾರೆ.

ಟೆಲಿಮೆಡಿಸಿನ್‌ನ ನಿಜವಾದ ಉಪಯೋಗ ನನಗೆ ಕಾಣುವುದು ಇಲ್ಲಿ. ಜಗಳೂರಿನ ಅಣಬೂರೋ ನ್ಯಾಮತಿಯ ಬೆಳಗುತ್ತಿಯೋ ದೂರವಾದರೂ, ವಿದ್ಯಾರ್ಥಿ ವರ್ಷಕ್ಕೆ ಕೆಲವು ಸಲ ಹೋಗಿ ಮನೆಯವರ ಮುಖ ಪರಿಚಯ ಮಾಡಿಕೊಂಡರೆ, ಉಳಿದ ತಿಂಗಳುಗಳಲ್ಲಿ ಆಶಾ ಕಾರ್ಯಕರ್ತೆಯ ಫೋನಿನ ಮೂಲಕ, ಕಾಲೇಜಿನ ಅಧ್ಯಾಪಕರ ಕಣ್ಣಿನಡಿಯಲ್ಲಿ, ಅದೇ ಮನೆಯವರ ಬಿಪಿ, ಶುಗರ್, ಬಸುರಿಯ ರಕ್ತಹೀನತೆಗಳನ್ನು ವಿಚಾರಿಸಬಹುದು. ಒಮ್ಮೆ ಕೈ ಹಿಡಿದು ನಾಡಿ ನೋಡಿದವರ ಮುಖ ಪರದೆಯಲ್ಲಿ ಕಂಡರೆ ಅಜ್ಜಿ ನಿಜ ಹೇಳುತ್ತಾಳೆ. ಸಮಾಜಕಾರ್ಯ ಓದುವ ಮಕ್ಕಳು, ಎನ್‌ಎಸ್‌ಎಸ್ ಶಿಬಿರಗಳು, ನರ್ಸಿಂಗ್ ಕಾಲೇಜುಗಳು ಇದಕ್ಕೆ ಕೈಜೋಡಿಸಬಹುದು. ಏಳು ದಿನದ ಶಿಬಿರದಲ್ಲಿ ರಸ್ತೆ ಗುಡಿಸುವುದರ ಜೊತೆಗೆ, ಮಾತ್ರೆ ಬಿಟ್ಟವರ ಮನೆಗಳಿಗೆ ಹೋಗಿ ಯಾಕೆ ಬಿಟ್ಟರೆಂದು ಕೇಳಿ ಬರೆದುಕೊಂಡು ಬಂದರೂ ಆರೋಗ್ಯ ಇಲಾಖೆಗೆ ದೊಡ್ಡ ನೆರವು.

ಇನ್ನೊಂದು ಸಂಗತಿಯನ್ನು ಅಧಿಕಾರಿಗಳು ಮನಸ್ಸಿಟ್ಟು ಕೇಳಬೇಕು. ಆನ್‌ಲೈನ್ ವ್ಯವಸ್ಥೆಗಳು ಸಾಮಾನ್ಯವಾಗಿ ಜಿಲ್ಲೆಯ ಗಡಿಯನ್ನು ಹಿಡಿದು ಸಾಗುತ್ತವೆ, ರೋಗಿಗಳು ಬಸ್ಸಿನ ದಾರಿ ಹಿಡಿದು ಹೋಗುತ್ತಾರೆ. ನ್ಯಾಮತಿಯವರಿಗೆ ಶಿವಮೊಗ್ಗ 30 ಕಿಲೋಮೀಟರಿನ ಆಸುಪಾಸು, ದಾವಣಗೆರೆ ಅದರ ಎರಡು ಪಟ್ಟು. ಹೊನ್ನಾಳಿ, ಚನ್ನಗಿರಿಯವರೂ ಹಳೆಯ ರೂಢಿಯಿಂದ ಮೆಗ್ಗಾನ್ ಆಸ್ಪತ್ರೆಯ ಕಡೆ ಹೋಗುವುದುಂಟು, ಜಗಳೂರಿನ ಪೂರ್ವದ ಹಳ್ಳಿಗಳಿಗೆ ಚಿತ್ರದುರ್ಗವೇ ಹತ್ತಿರ. ಪರದೆಯ ಮೇಲೆ ದಾವಣಗೆರೆಯ ವೈದ್ಯರು ‘ನಾಳೆ ಬನ್ನಿ, ಸ್ಕ್ಯಾನ್ ಮಾಡೋಣ’ ಎಂದರೆ, ನ್ಯಾಮತಿಯ ರೋಗಿ ಹೋಗುವುದು ಶಿವಮೊಗ್ಗಕ್ಕೆ. ಅಲ್ಲಿ ಅವರ ಕಥೆ ಮತ್ತೆ ಮೊದಲಿನಿಂದ ಶುರು. ಆದ್ದರಿಂದ ನ್ಯಾಮತಿ, ಹೊನ್ನಾಳಿಯ ಆರೋಗ್ಯ ಕೇಂದ್ರಗಳ ಪರದೆ ಶಿವಮೊಗ್ಗದ ಕಾಲೇಜಿಗೂ ತೆರೆಯಬೇಕು. ನಕ್ಷೆಯ ಗೆರೆಯನ್ನು ಕಾಯಿಲೆ ಓದುವುದಿಲ್ಲ.

ಮೊದಲು ಬೇಕಾದದ್ದು ಇಷ್ಟೇ. ಪ್ರತಿ ತಾಲ್ಲೂಕಿಗೆ ಒಂದು ಕಾಲೇಜು ಹೊಣೆ ಎಂದು ಲಿಖಿತ ಒಪ್ಪಂದವಾಗಲಿ. ವಾರದ ಇಂಥ ದಿನ ಮಕ್ಕಳ ತಜ್ಞರು, ಇಂಥ ದಿನ ಚರ್ಮದ ವೈದ್ಯರು, ಇಂಥ ದಿನ ಮೂಳೆಯವರು ಪರದೆಯಲ್ಲಿ ಸಿಗುತ್ತಾರೆಂದು ಊರ ಬಸ್‌ಸ್ಟ್ಯಾಂಡಿನಲ್ಲಿ, ಹಾಲಿನ ಡೇರಿಯ ಗೋಡೆಯ ಮೇಲೆ ಬರೆಯಲಿ. ಜಗಳೂರಿನ ಮಂಗಳವಾರದಂತೆ ಚನ್ನಗಿರಿಗೊಂದು, ಹೊನ್ನಾಳಿಗೊಂದು, ನ್ಯಾಮತಿಗೊಂದು ವಾರ ಜನರ ಬಾಯಲ್ಲಿ ನಿಲ್ಲಲಿ. ಪರದೆಯಲ್ಲಿ ಬರೆದ ಮಾತ್ರೆ ಅದೇ ಉಪಕೇಂದ್ರದಲ್ಲಿ ಅದೇ ದಿನ ಕೈಗೆ ಸಿಗಲಿ. ಎದುರಿಗೇ ನೋಡಬೇಕಾದ ರೋಗಿಗೆ ಆಸ್ಪತ್ರೆಯಲ್ಲಿ ಸಾಲು ತಪ್ಪಿಸಿ ಸಮಯ ಗೊತ್ತುಮಾಡಿ ಕಳಿಸಲಿ.

ಇದನ್ನು ಓದುತ್ತಿರುವ ನೀವು ಈ ನಾಲ್ಕು ತಾಲ್ಲೂಕಿನವರಾದರೆ ನಿಮ್ಮಿಂದಾಗುವ ಕೆಲಸವೂ ಇದೆ. ಪ್ರತಿ ಹಳ್ಳಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿ ಇರಬೇಕು, ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಮೂರು ಪ್ರಶ್ನೆ ಕೇಳಿ: ನಮ್ಮ ಉಪಕೇಂದ್ರದಲ್ಲಿ ಇ-ಸಂಜೀವಿನಿ ಯಾವ ಹೊತ್ತಿನಲ್ಲಿ ಸಿಗುತ್ತದೆ, ಬಿಪಿ-ಶುಗರ್ ಮಾತ್ರೆ ತಿಂಗಳಿಗಾಗುವಷ್ಟು ದಾಸ್ತಾನಿದೆಯೇ, ಆಶಾ ಕಾರ್ಯಕರ್ತೆಯ ಹಣ ಯಾವ ತಿಂಗಳವರೆಗೆ ಬಂದಿದೆ.

ಮನೆಯಲ್ಲಿ ಯಾರಾದರೂ ನಿದ್ದೆಗೆಟ್ಟು, ಮಾತು ಬಿಟ್ಟು, ಬದುಕು ಬೇಡವೆಂದು ಕೂತಿದ್ದರೆ ಮಂಗಳವಾರದವರೆಗೂ ಕಾಯಬೇಕಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮುಂದಾಳ್ತನದಲ್ಲಿ ನಡೆಯುವ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಸಿಗುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕ್ಯಾಲೆಂಡರಿನ ಪಕ್ಕದಲ್ಲಿ, ಎಲ್ಲರ ಕಣ್ಣಿಗೆ ಬೀಳುವಲ್ಲಿ, ದಪ್ಪ ಅಕ್ಷರದಲ್ಲಿ ಬರೆದಿಡಿ.